ಕೋಡಿ ಇಲ್ಲದ ಪೆಟ್ಟಿಗೆ

ಹೋದ ವರ್ಷ ಆಯುಧಪೂಜೆಗೆ ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದಾನೆ, ಮೆಟ್ಟಿಲ ಕೆಳಗೆ ಅದರ ಬ್ಯಾಟರಿ ಕೂರಿಸಿದ್ದಾನೆ. ಮಗಳು ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ ಎಲ್ಲ ಕುಂಕುಮ ಇಟ್ಟು ಬಂದಳು. ಕೊನೆಗೆ ಉರಿಯುವ ಕರ್ಪೂರದ ತಟ್ಟೆ ಹಿಡಿದು ಆ ಬ್ಯಾಟರಿಯ ಮೇಲೆ ಬಗ್ಗಿದಳು. ನನಗೆ ಹುಳಿ ಹಿಡಿದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಎದ್ದು ಹೋಗಿ ಚೊಂಬಿನ ನೀರನ್ನು ತಟ್ಟೆಗೆ ಸುರಿದೆ.

"ಯವ್ವಾ! ಹಬ್ಬದ ದಿನ ಆರತಿ ಆರಿಸ್ತಾರೇನು? ಬುದ್ಧಿ ಕೆಟ್ಟೈತಾ ನಿನಗೆ?"

"ಕೆಟ್ಟೈತೆ. ಅಂಗಳದಾಗೆ ನಿಂತು ಬೆಳಗು ಹೋಗು."

ಅಳಿಯ ನಕ್ಕ. "ಈಗಿನ ಬ್ಯಾಟರಿ ಹಂಗೆಲ್ಲ ಸಿಡಿಯಾದಿಲ್ಲ ಅತ್ತೆ," ಎಂದ. ಇರಬಹುದು. ನನಗೆ ಈಗಿನದು ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೇ ವರ್ಷದ್ದು. ತನ್ನ ಅಪ್ಪನ ಕಣ್ಣು ಹೋದದ್ದು ಮಗಳಿಗೆ ಗೊತ್ತು, ಬ್ಯಾಟರಿ ಸಿಡಿದು ಹೋಯಿತು ಎಂದೂ ಗೊತ್ತು. ಕಿಡಿ ಎಲ್ಲಿಂದ ಬಂತು ಎಂದು ಅವಳಪ್ಪ ಅವಳಿಗೆ ಹೇಳಲಿಲ್ಲ. ನಾನೂ ಹೇಳಿರಲಿಲ್ಲ. ಊರವರು ಹೇಳಿದ್ದನ್ನು ಅವಳು ನಂಬಿಕೊಂಡಿದ್ದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯ ಕೆಳಗಿದ್ದವು, ಜಗಳೂರು ಚಿತ್ರದುರ್ಗದ ಕೆಳಗಿತ್ತು. ನಮ್ಮ ಯಜಮಾನರು ರುದ್ರಪ್ಪ ಸೂಳೆಕೆರೆಯ ಕೆಳಗಿನ ಹಳ್ಳಿಯವರು. ಕೆರೆಯ ನೀರು ಊರಿನ ಎಲ್ಲರ ಗದ್ದೆಗೆ ಹರಿಯುತ್ತಿತ್ತು, ಇವರಿಗೆ ಗದ್ದೆಯೇ ಇರಲಿಲ್ಲ. ಲಾರಿ ಓಡಿಸುತ್ತಿದ್ದರು. ಇವತ್ತು ಒಬ್ಬ ಮಾಲೀಕ, ನಾಳೆ ಇನ್ನೊಬ್ಬ. ಹಾಗಿರುವಾಗ ಬೆಂಗಳೂರಿನ ಒಂದು ಸಂಸ್ಥೆಯವರು ಹಳ್ಳಿಗಳಿಗೆ ಔಷಧದ ಬಸ್ಸು ತಂದರು. ಹೆಂಡತಿಯ ಜೊತೆ ಬಸ್ಸಿನಲ್ಲೇ ಇದ್ದು ಅಡಿಗೆ, ಕಾವಲು, ಡ್ರೈವಿಂಗು ಎಲ್ಲ ನೋಡಿಕೊಳ್ಳುವವನು ಅವರಿಗೆ ಬೇಕಾಗಿದ್ದ. ನಾವು ಹೋದೆವು. ಮಗಳನ್ನು ನ್ಯಾಮತಿಯಲ್ಲಿ ನಮ್ಮವ್ವನ ಹತ್ತಿರ ಬಿಟ್ಟೆ.

ಅದು ಹಳೆಯ ಬಸ್ಸು. ಸೀಟುಗಳನ್ನು ಕಿತ್ತು ಒಳಗೆ ಎರಡು ಹಲಗೆಯ ಮಂಚ, ಒಂದು ಸೀಮೆಎಣ್ಣೆ ಸ್ಟೋವು, ಔಷಧದ ಬೀರು, ಒಂದು ಪುಟ್ಟ ಫ್ರಿಜ್ಜು ಇಟ್ಟಿದ್ದರು. ಮಕ್ಕಳಿಗೆ ಹಾಕುವ ಲಸಿಕೆ ಆ ಫ್ರಿಜ್ಜಿನಲ್ಲಿ. ಫ್ರಿಜ್ಜಿಗೆ ಕರೆಂಟು ಬರುತ್ತಿದ್ದುದು ಬಸ್ಸಿನ ತಲೆಯ ಮೇಲಿನ ನೀಲಿ ಹಲಗೆಗಳಿಂದ. ಜನ ಅದಕ್ಕೆ ಬಿಸಿಲುಕನ್ನಡಿ ಎನ್ನುತ್ತಿದ್ದರು. ಹಗಲು ಬಿಸಿಲು ಕುಡಿದು ಬ್ಯಾಟರಿ ತುಂಬುವುದು, ರಾತ್ರಿ ಅದೇ ಫ್ರಿಜ್ಜನ್ನು ತಣ್ಣಗಿಡುವುದು. ಎದ್ದು ನಿಂತರೆ ತಲೆ ತಾಕುವ ಮನೆ. ಸಾರು ಕುದಿಯುವಾಗ ಯಾರಾದರೂ ಹತ್ತಿದರೆ ಬಸ್ಸು ಅಲ್ಲಾಡಿ ಸಾರು ಚೆಲ್ಲುತ್ತಿತ್ತು.

"ಏನವ್ವಾ, ನಿನ್ನ ಗಂಡನ ಮನೀಗೆ ಗಾಲಿ ಅದಾವಂತೆ?" ಎಂದು ನ್ಯಾಮತಿ ಸಂತೆಯಲ್ಲಿ ಹೆಂಗಸರು ಚುಡಾಯಿಸುತ್ತಿದ್ದರು.

"ಅದಾವೆ. ಅತ್ತೆ ಬಂದ್ರೆ ಓಡಿಸ್ಕೊಂಡು ಹೋಗಬಹುದು," ಎನ್ನುತ್ತಿದ್ದೆ.

ಕೂಲಿ ದಿನದ ಲೆಕ್ಕ. ಆದರೆ ಬಸ್ಸನ್ನು ನೋಡಿಕೊಳ್ಳುವ ಇಂಜಿನಿಯರು ಮೊದಲ ದಿನವೇ ಒಂದು ಮಾತು ಹೇಳಿದ್ದ. ಮೀಸೆ ಸರಿಯಾಗಿ ಬಾರದ ಹುಡುಗ, ಬೆಂಗಳೂರಿನವನು. "ಒಂದು ವರ್ಷ ಈ ಫ್ರಿಜ್ಜು ನಿಲ್ಲದ ಹಾಗೆ ನೋಡಿಕೊಳ್ಳಿ ರುದ್ರಪ್ಪ. ನಾನೇ ಹೇಳಿ ನಿಮ್ಮನ್ನ ಖಾಯಂ ಮಾಡಿಸ್ತೀನಿ."

ಖಾಯಂ. ಯಜಮಾನರಿಗೆ ಆ ವರ್ಷ ಬೇರೆ ಮಾತೇ ಕಿವಿಗೆ ಬೀಳಲಿಲ್ಲ. ಊಟಕ್ಕೆ ಕೂತರೆ ಅದೇ, ಮಲಗಿದರೆ ಅದೇ. ಖಾಯಂ ಆದರೆ ಮಗಳನ್ನು ಕರೆತರಬಹುದು, ಹೊನ್ನಾಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿಯಬಹುದು. ಅದೇನು ದೊಡ್ಡ ಆಸೆಯಲ್ಲ.

ಬೇಸಿಗೆ ಸೂರಗೊಂಡನಕೊಪ್ಪದ ಕಡೆ ಕಳೆಯಿತು. ತಾಂಡಾದ ಹೆಂಗಸರು ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು, ಮಂಗಳೂರು ಕಡೆಯ ಸಿಸ್ಟರ್ ಒಬ್ಬಳು ಲಸಿಕೆ ಹಾಕುತ್ತಿದ್ದಳು. ಬಿಸಿಲಿಗೆ ಬರ ಇರಲಿಲ್ಲ, ಫ್ರಿಜ್ಜು ನಿಲ್ಲಲಿಲ್ಲ. ಮಳೆಗಾಲಕ್ಕೆ ತ್ಯಾವಣಿಗೆಗೆ ಬಂದೆವು. ಅಲ್ಲಿ ಮೋಡ ಹಿಡಿದದ್ದು ಬಿಡಲೇ ಇಲ್ಲ. ಮಳೆಯೂ ಸರಿಯಾಗಿ ಬೀಳಲಿಲ್ಲ, ಬಿಸಿಲೂ ಕಾಣಲಿಲ್ಲ, ಬರೀ ಬೂದಿ ಬಣ್ಣದ ಆಕಾಶ. ಬ್ಯಾಟರಿಯ ಮುಳ್ಳು ದಿನಾ ಕೆಳಗೆ ಇಳಿಯಿತು. ಒಂದು ಬೆಳಗ್ಗೆ ಫ್ರಿಜ್ಜಿನ ಸದ್ದು ಇರಲಿಲ್ಲ.

ಸಿಸ್ಟರ್ ಬಾಟಲಿಗಳನ್ನು ಕೈಯಲ್ಲಿ ಹಿಡಿದು ನೋಡಿದಳು. ಬೆಚ್ಚಗಾಗಿದ್ದವು. ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿಸಿ ಎಲ್ಲವನ್ನೂ ಹೂಳಿಸಿದಳು. ಸಾಲು ನಿಂತಿದ್ದ ತಾಯಂದಿರನ್ನು ವಾಪಸು ಕಳಿಸಿದಳು. ಯಜಮಾನರು ಗುಂಡಿ ತೋಡಿ ಮುಗಿಸಿ ಸಲಿಕೆ ಹಿಡಿದುಕೊಂಡೇ ನಿಂತಿದ್ದರು. ಹೆಣ ಮಣ್ಣು ಮಾಡಿ ಬಂದವರ ಹಾಗೆ ಕೈಕಾಲು ತೊಳೆದು ಒಳಗೆ ಬಂದರು.

ಇಂಜಿನಿಯರು ಬಂದ. ಬೈಯಲಿಲ್ಲ.

"ಈ ಬ್ಯಾಟರಿ ಅನ್ನಾ ಕೆರೆ ಸಣ್ಣದಾತು ಸಾರ್," ಎಂದರು ಯಜಮಾನರು. "ಬಿಸಿಲಿದ್ದಾಗ ಬೇಸಿಗೀಲಿ ಎಷ್ಟು ಹಾಳಾಗಿ ಹೋತು. ಹಿಡಿದಿಡಾಕೆ ಜಾಗ ಇರಲಿಲ್ಲ. ಈಗ ಬೇಕು ಅಂದ್ರೆ ಎಲ್ಲಿಂದ ತರಾದು?"

ಆ ಹುಡುಗನಿಗೆ ಅದು ಹಿಡಿಸಿತು. ಹೆಚ್ಚಾದ ಬಿಸಿಲನ್ನು ಕೂಡಿಡಬೇಕು ಎಂದು ಅವನಿಗೂ ಮೊದಲಿಂದ ಇತ್ತಂತೆ. ಮುಂದಿನ ಸಲ ಬರುವಾಗ ಎರಡು ದೊಡ್ಡ ಬ್ಯಾಟರಿ ತಂದ, ಮಾಡಿನ ಮೇಲೆ ಇನ್ನಷ್ಟು ಕನ್ನಡಿ ಕೂರಿಸಿದ. ಬಸ್ಸಿನ ಹಿಂಭಾಗದಲ್ಲಿ ನಮ್ಮ ಮಂಚದ ಪಕ್ಕ ಒಂದು ಮರದ ಪೆಟ್ಟಿಗೆ ಮಾಡಿಸಿ ಬ್ಯಾಟರಿಗಳನ್ನು ಅದರೊಳಗೆ ಇಟ್ಟ.

"ಹಳೇ ಬ್ಯಾಟರಿ ತುಂಬಿದ ಮೇಲೆ ಮಿಕ್ಕಿದ್ದು ಇದಕ್ಕೆ ಬರುತ್ತೆ. ಆದರೆ ಹಳೇದಕ್ಕೆ ಒಂದು ಸಾಮಾನು ಇದೆ, ತುಂಬಿದಾಗ ತಾನೇ ನಿಲ್ಲಿಸುತ್ತೆ. ಇದಕ್ಕೆ ಇನ್ನೂ ಬಂದಿಲ್ಲ, ತರಿಸ್ತೀನಿ. ಅಲ್ಲೀವರೆಗೆ ತುಂಬಿದ ಕೂಡಲೇ ಪಾನಾದಲ್ಲಿ ಈ ನಟ್ಟು ಸಡಿಲಿಸಿ ವೈರು ತೆಗೆದುಬಿಡಿ. ಮರೀಬೇಡಿ."

"ಅಂದ್ರೆ ಹೆಚ್ಚಾದ ನೀರು ಹೊರಗೆ ಹೋಗಾಕೆ ಈ ಕೆರೀಗೆ ಕೋಡಿ ಇಲ್ಲ ಅನ್ನಿ."

"ಕೋಡಿ ನೀವೇ ರುದ್ರಪ್ಪ," ಎಂದು ಅವನು ನಕ್ಕ. ಇವರೂ ನಕ್ಕರು.

ಆಮೇಲೆ ಪೆಟ್ಟಿಗೆಯ ಕಟ್ಟುಪಾಡುಗಳನ್ನು ಹೇಳಿದ. ಹತ್ತಿರ ಬೀಡಿ ಸೇದಬಾರದು. ಮುಟ್ಟುವ ಮುಂಚೆ ಉಂಗುರ, ಬಳೆ ತೆಗೆಯಬೇಕು. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಕ್ಕಳನ್ನು ಬಿಡಬಾರದು. ಬಾವಿ ನೀರು ಹಾಕಬಾರದು, ತಾನು ಕ್ಯಾನಿನಲ್ಲಿ ತಂದ ನೀರನ್ನೇ ಹಾಕಬೇಕು. ಯಾಕೆ ಎಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾಕೆ ಎಂದು ಕೇಳುವುದೇನಿತ್ತು? ಹುಟ್ಟಿದಾಗಿನಿಂದ ನಾವು ಅಂಥದ್ದನ್ನೇ ಕೇಳಿಕೊಂಡು ಬಂದವರು. ದೇವರ ಕೋಣೆಗೂ ಇವೇ ಮಾತು.

ಯಜಮಾನರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವರು. ಲಾರಿಯ ಚಟ. ಪೆಟ್ಟಿಗೆ ಬಂದ ದಿನ ಕಿಸೆಯಲ್ಲಿದ್ದ ಕಟ್ಟನ್ನು ತೆಗೆದು ಕಾಲುವೆಗೆ ಎಸೆದರು. "ಹತ್ರ ಸೇದಬ್ಯಾಡ ಅಂದಾರೆ, ದೂರ ಹೋಗಿ ಸೇದ್ರಿ," ಎಂದೆ. "ಸೇದೋದೇ ಬಿಟ್ರೆ ಹತ್ರ ದೂರ ಅನ್ನಾ ಗೋಜೇ ಇಲ್ಲ," ಎಂದರು. ಆಮೇಲೆ ಮುಟ್ಟಲಿಲ್ಲ. ಮೊದಮೊದಲು ನನ್ನ ಮೇಲೆ ರೇಗುತ್ತಿದ್ದರು. ಆದರೂ ಮುಟ್ಟಲಿಲ್ಲ.

ಮಳೆ ಹಿಂದಾದ ಮೇಲೆ ನಮ್ಮನ್ನು ಜಗಳೂರು ಕಡೆಯ ಒಂದು ಹಳ್ಳಿಗೆ ಕಳಿಸಿದರು. ಹಳ್ಳಿಯ ಹೆಸರು ಬರೆಯುವುದಿಲ್ಲ. ಜನ ಒಳ್ಳೆಯವರು, ನಮ್ಮ ಗ್ರಹಚಾರಕ್ಕೆ ಅವರ ಹೆಸರು ಯಾಕೆ. ಅಲ್ಲಿ ಮರ ಕಡಿಮೆ, ನೆರಳು ಇನ್ನೂ ಕಡಿಮೆ. ಬಿಸಿಲು ಬೆಳಗ್ಗೆಯೇ ಬಂದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಕುಡಿಯುವ ನೀರಿಗೆ ಊರಾಚೆ ಒಂದೇ ಕೈಪಂಪು. ಇಡೀ ಊರಿನ ಕೊಡಗಳು ಅದರ ಮುಂದೆ ಸಾಲು ಕೂತಿರುತ್ತಿದ್ದವು. ಕರೆಂಟಿನ ಕಂಬ ಇತ್ತು, ತಂತಿಯಲ್ಲಿ ಕರೆಂಟು ಇರುತ್ತಿರಲಿಲ್ಲ.

ಆದರೆ ನಮ್ಮ ಬಸ್ಸಿನಲ್ಲಿ ಬಿಸಿಲು ಉಕ್ಕುತ್ತಿತ್ತು. ಊಟದ ಹೊತ್ತಿಗಿಂತ ಮುಂಚೆಯೇ ಎರಡೂ ಕಡೆಯ ಬ್ಯಾಟರಿ ತುಂಬಿರುತ್ತಿದ್ದವು. ಯಜಮಾನರು ಪಾನಾ ಹಿಡಿದು ಚಪ್ಪಲಿ ಬಿಟ್ಟು ಹೋಗಿ ನಟ್ಟು ಸಡಿಲಿಸಿ ವೈರು ತೆಗೆಯುವರು. ತೆಗೆದು ಬಂದು ನಿಟ್ಟುಸಿರು ಬಿಡುವರು. "ಇನ್ನರ್ಧ ದಿನದ್ದು ಹಾಳು," ಎನ್ನುವರು.

ಹಾಳಾಗುವುದನ್ನು ನೋಡಲಾರದೆ ಊರಿಗೆ ಕೊಡಲು ಶುರು ಮಾಡಿದರು. ಇಂಜಿನಿಯರನ್ನು ಕೇಳಿಯೇ. ಅವನಿಗೆ ಅದು ಇನ್ನೂ ಖುಷಿ. ಬಸ್ಸಿನಿಂದ ಗುಡಿಯ ಜಗಲಿಗೆ ವೈರು ಎಳೆದು ಒಂದು ಟ್ಯೂಬ್‌ಲೈಟು ಹಾಕಿದರು. ಸಂಜೆ ಹೆಂಗಸರೆಲ್ಲ ಅದರ ಕೆಳಗೆ ಕೂತು ಶೇಂಗಾ ಸುಲಿದರು. ಹಡೆದು ಮಲಗಿದ್ದ ಒಬ್ಬ ಬಾಣಂತಿಗೆ ಸಣ್ಣ ಫ್ಯಾನು ತಿರುಗಿತು. ಊರಗೌಡನ ಟ್ರ್ಯಾಕ್ಟರಿನ ಬ್ಯಾಟರಿ ಸತ್ತಿತ್ತು, ಅದಕ್ಕೂ ಜೀವ ತುಂಬಿದರು. ಗೌಡ ಮಾತು ಕಡಿಮೆಯ ಮನುಷ್ಯ. ಮರುದಿನ ಒಂದು ಚೀಲ ಜೋಳ ತಂದು ಬಸ್ಸಿನ ಬಾಗಿಲಲ್ಲಿ ಇಟ್ಟು ಹೋದ.

ಪೆಟ್ಟಿಗೆ ನೋಡಲು ಜನ ಬರುತ್ತಿದ್ದರು. ಹಾಲಮ್ಮಜ್ಜಿ ಎಂಬ ಮುದುಕಿಯಂತೂ ದಿನಾ ಹಾಜರು.

"ಇದೇನೋ ರುದ್ರಪ್ಪ, ಇದಕ್ಕೂ ಮಡಿನಾ? ಉಂಗುರ ಬಿಚ್ಚಿ ಮುಟ್ತೀಯಲ್ಲ."

"ಮಡೀನೇ ಅನ್ಕೋ ಅಜ್ಜಿ."

"ಬೀಡಿ ಸೇದಂಗಿಲ್ಲಂತೆ?"

"ಊಂಹೂಂ."

"ಹಂಗಾರೆ ಐತೆ ಬಿಡು ಇದರಾಗೆ ಏನೋ ಒಂದು," ಎಂದು ಅಜ್ಜಿ ಕೈ ಮುಗಿದಳು.

ನೋಡುತ್ತ ನೋಡುತ್ತ ಎಲ್ಲರೂ ಕೈ ಮುಗಿಯತೊಡಗಿದರು. ತಿಂಗಳ ಮುಟ್ಟಿನ ದಿನ ಹೆಂಗಸರು ಬಸ್ಸಿನ ಹಿಂಬಾಗಿಲ ಕಡೆ ಬರುತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಯಜಮಾನರು ಸ್ನಾನ ಮಾಡದೆ ಕ್ಯಾನಿನ ನೀರು ಮುಟ್ಟುತ್ತಿರಲಿಲ್ಲ. ಮೂರು ಬೆರಳಲ್ಲಿ ಪೆಟ್ಟಿಗೆಗೆ ವಿಭೂತಿ ಎಳೆದದ್ದೂ ಅವರೇ. ಸಿಸ್ಟರ್ ನೋಡಿ, "ಏನ್ ರುದ್ರಪ್ಪ, ಪ್ರತಿಷ್ಠಾಪನೆ ಆಯಿತಾ?" ಎಂದು ನಗಾಡಿದಳು. ಅವಳು ದಸರೆಗೆ ರಜೆ ಹಾಕಿ ಊರಿಗೆ ಹೋದಳು. ಹೋಗುವಾಗ ಹೇಳಿದ್ದು, ಹಬ್ಬ ಮುಗಿದ ಕೂಡಲೇ ಬೆಂಗಳೂರಿನ ಸಾಹೇಬರು ಬರುತ್ತಾರೆ, ಬಸ್ಸು ನೋಡುತ್ತಾರೆ, ರುದ್ರಪ್ಪನ ಕೆಲಸದ ಮಾತು ಆಗಲೇ ತೀರ್ಮಾನ. ಅದಕ್ಕೆ ಇವರ ಹಬ್ಬ ಇನ್ನೂ ಜೋರಾಯಿತು.

ಆಯುಧಪೂಜೆಯ ಬೆಳಗ್ಗೆ ಬಸ್ಸನ್ನು ಮೇಲಿಂದ ಕೆಳಗೆ ತೊಳೆದರು. ನಮ್ಮ ಡ್ರಮ್ಮಿನ ನೀರೆಲ್ಲ ಅದಕ್ಕೇ ಹೋಯಿತು. ಊರಲ್ಲೂ ಅವತ್ತು ಬಂಡಿ, ನೇಗಿಲು, ಟ್ರ್ಯಾಕ್ಟರು ಎಲ್ಲ ಮಿಂದವು. ಮಧ್ಯಾಹ್ನದ ಹೊತ್ತಿಗೆ ಮನೆಗಳಲ್ಲಿ ನೀರು ಮುಗಿದಿತ್ತು. ಪೆಟ್ಟಿಗೆಯ ಮೇಲೆ ಕೆಂಪು ವಸ್ತ್ರ ಹಾಸಿ, ಎಡಬಲಕ್ಕೆ ಬಾಳೆಕಂದು ಕಟ್ಟಿ, ಸೇವಂತಿಗೆ ಮಾಲೆ ಹಾಕಿದರು. ಮುಂದೆ ಒಂದು ಬಾಳೆ ಎಲೆಯ ಮೇಲೆ ಪಾನಾ, ಜಾಕು, ಸುತ್ತಿಗೆ, ಸ್ಕ್ರೂಡ್ರೈವರು ಜೋಡಿಸಿ ಕುಂಕುಮ ಇಟ್ಟರು. ಮೇಕೆಗಳು ಬಂದು ಬಾಳೆ ತಿನ್ನುತ್ತವೆ ಎಂದು ಹಿಂಬಾಗಿಲನ್ನೂ ಕಿಟಕಿಗಳನ್ನೂ ಮುಚ್ಚಿದರು. ಫ್ರಿಜ್ಜು ಒಂದನ್ನು ಬಿಟ್ಟು ದೀಪ, ಫ್ಯಾನು ಎಲ್ಲ ಬಂದ್. ಇವತ್ತು ಅವಕ್ಕೂ ರಜೆ ಎಂದರು.

ಮಂಗಳಾರತಿಗೆ ಗೌಡ ಬರಬೇಕು. ಗೌಡ ತನ್ನ ಮನೆಯ ಪೂಜೆ, ಟ್ರ್ಯಾಕ್ಟರಿನ ಪೂಜೆ ಮುಗಿಸಿ ಬರಬೇಕು. ಕಾದೆವು. ಬಿಸಿಲು ನೆತ್ತಿಗೆ ಬಂತು. ಒಳಗೆ ಪೂಜೆಗೆ ಜಾಗ ಬೇಕೆಂದು ನಾನು ಹಿಂಬಾಗಿಲ ಹೊರಗೆ ಒಲೆ ಇಟ್ಟುಕೊಂಡು ಹೋಳಿಗೆ ಬೇಯಿಸುತ್ತ ಕೂತಿದ್ದೆ. ಒಲೆಯ ಮೇಲೆ ಹಂಚು ಮಾತ್ರ ಇತ್ತು, ಎಸರು ಇಟ್ಟಿರಲಿಲ್ಲ. ಆದರೂ ಎಸರು ಕುದಿಯುವ ಸದ್ದು ಬರುತ್ತಿತ್ತು. ಕಿವಿಗೊಟ್ಟರೆ ಪೆಟ್ಟಿಗೆಯೊಳಗಿಂದ. ವಾಸನೆಯೂ ಬಂತು, ಹುಳಿ ಹಿಡಿದ ಕಬ್ಬಿಣದ್ದು.

"ಏನ್ರೀ, ಪೆಟ್ಟಿಗೆ ಕುದಿಯಾಕೆ ಹತ್ತೈತೆ. ವೈರು ತೆಗೀರಿ."

ಅವರು ಕಿಟಕಿಯ ಗಾಜಿಗೆ ಮುಖ ಇಟ್ಟು ನೋಡಿದರು. "ಪಾನಾ ಪೂಜೆಗೆ ಇಟ್ಟೀನಲ್ಲೇ."

"ಎತ್ತಿಕೊಳ್ರಿ, ಮತ್ತೆ ಇಟ್ರಾತು."

"ಮಂಗಳಾರತಿ ಆಗದೆ ಎತ್ತಾಕೆ ಬರ್ತೈತೇನೇ? ವರ್ಷವಿಡೀ ದುಡಿದಾವೆ, ಒಂದು ದಿನ ಕೂತಿರ್ಲಿ. ಈಗ ಬರ್ತಾನೆ ಗೌಡ."

ಹಾಲಮ್ಮಜ್ಜಿ ಬಾಗಿಲ ಹತ್ತಿರ ಕಿವಿ ಇಟ್ಟಳು. "ಮಾತಾಡಾಕತ್ತೈತೆ!" ಎಂದಳು. ಜನ ನಕ್ಕರು, ಕೈಯನ್ನೂ ಮುಗಿದರು.

ಗೌಡ ಬಂದ. ಜನ ಹಿಂಬಾಗಿಲ ಹೊರಗೆ ನಿಂತರು. ಪೆಟ್ಟಿಗೆಯ ಮುಂದೆ ಇಬ್ಬರಿಗೆ ಜಾಗ ಇಲ್ಲ, ಹಾಗಾಗಿ ಬಾಗಿಲು ತೆಗೆದು ಇವರೊಬ್ಬರೇ ಹತ್ತಿದರು. ಒಗೆದ ಪಂಚೆ, ಹಣೆ ತುಂಬ ವಿಭೂತಿ. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಕರ್ಪೂರದ ತಟ್ಟೆ. ಮುಚ್ಚಿದ ಪೆಟ್ಟಿಗೆಗೆ ಬೆಳಗಿದರೆ ಗುಡಿಯ ಹೊರಗಿನಿಂದ ಕೈ ಮುಗಿದ ಹಾಗಾಗುತ್ತದೆ ಅನ್ನಿಸಿತೋ ಏನೋ, ಗಂಟೆ ಕೆಳಗಿಟ್ಟು, ಎಡಗೈಯಲ್ಲಿ ವಸ್ತ್ರ ಸರಿಸಿ ಮುಚ್ಚಳ ಎತ್ತಿದರು. ಕರ್ಪೂರ ಹಿಡಿದು ಬಗ್ಗಿದರು.

ಕಲ್ಲು ಕ್ವಾರಿಯಲ್ಲಿ ಮದ್ದು ಇಟ್ಟ ಹಾಗೆ ಸದ್ದಾಯಿತು. ಬೆಂಕಿ ಕಾಣಲಿಲ್ಲ. ಮುಚ್ಚಳ ಮಾಡಿಗೆ ಬಡಿದು ಬಿತ್ತು. ಬ್ಯಾಟರಿಯ ತುಂಡು, ಸೇವಂತಿಗೆ ಎಸಳು ಎಲ್ಲ ಒಟ್ಟಿಗೆ ಉದುರಿದವು. ಅವರು ನಿಂತೇ ಇದ್ದರು, ಮುಖವೆಲ್ಲ ಬ್ಯಾಟರಿಯ ಆಸಿಡ್ಡಿನಿಂದ ಒದ್ದೆ. ಒಗೆದ ಪಂಚೆ ನನ್ನ ಕಣ್ಣೆದುರೇ ತೂತು ಬೀಳುತ್ತಿತ್ತು.

"ನೀರು," ಎಂದರು. ಕಿರುಚಲಿಲ್ಲ.

ನೀರಿರಲಿಲ್ಲ. ಡ್ರಮ್ಮು ಬರಿದು, ಕ್ಯಾನೂ ಖಾಲಿ. ಜನ ಮನೆಮನೆಗೆ ಓಡಿದರು, ಕೈಪಂಪಿಗೆ ಓಡಿದರು. ನಾನು ಪೂಜೆಯ ಕಳಶ ಎತ್ತಿ ಅವರ ಮುಖಕ್ಕೆ ಸುರಿದೆ. ಯಾರೋ ಪೂಜೆಯ ತೆಂಗಿನಕಾಯಿ ಒಡೆದು ಆ ನೀರನ್ನೂ ಸುರಿದರು. ಒಬ್ಬಳು ಹರಳೆಣ್ಣೆ ತಂದಳು, ನಾನು ಅವಳ ಕೈ ತಳ್ಳಿದೆ. ಕೈಪಂಪಿನ ಕೊಡಗಳು ಬರುವಷ್ಟರಲ್ಲಿ ರೆಪ್ಪೆಗಳು ಬೆಳ್ಳಗೆ ಬೆಂದಿದ್ದವು.

ಬಸ್ಸಿತ್ತು. ಓಡಿಸುವವನು ಅದರ ಮೆಟ್ಟಿಲ ಮೇಲೆ ಕೂತಿದ್ದ.

ಪೂಜೆಯಾದ ಗಾಡಿಯನ್ನು ಅವತ್ತು ಯಾರೂ ಕದಲಿಸುವುದಿಲ್ಲ. ಗೌಡ ಓಡಿದ. ಟ್ರ್ಯಾಕ್ಟರಿನ ಮಾಲೆ ಕಿತ್ತು ಬೀಸಾಡಿದ, ಗಾಲಿಯ ಕೆಳಗಿನ ನಿಂಬೆಹಣ್ಣನ್ನು ಕಾಲಲ್ಲಿ ಒದ್ದ, ಹತ್ತಿ ಕೂತು, "ಏರಿಸ್ರಿ," ಎಂದ. ಜಗಳೂರಿನವರೆಗೂ ಟ್ರೈಲರಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ನಾನು ಕೊಡದಿಂದ ನೀರು ಹನಿಸುತ್ತಲೇ ಇದ್ದೆ. ದಾರಿ ಕೆಟ್ಟದ್ದು. ಅರ್ಧ ನೀರು ಮುಖಕ್ಕೆ ಬಿತ್ತು, ಅರ್ಧ ಹಲಗೆಗೆ. ಅಲ್ಲಿಂದ ಜೀಪಿನಲ್ಲಿ ದಾವಣಗೆರೆ.

ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದಕ್ಕೆ ಹಗಲು ರಾತ್ರಿ ಮಾತ್ರ ಗೊತ್ತಾಗುತ್ತಿತ್ತು.

ಇಂಜಿನಿಯರು ಆಸ್ಪತ್ರೆಗೆ ಬಂದ. ಮಂಚದ ಪಕ್ಕ ನಿಂತ. ಆಮೇಲೆ ಕೇಳಿದ. "ರುದ್ರಪ್ಪ, ಬೀಡಿ ಸೇದಿದ್ರಾ?"

"ಇಲ್ಲ ಸಾರ್. ನೀವು ಹೇಳಿದ ದಿನಾನೇ ಬಿಟ್ಟೆ. ಇವಳನ್ನ ಕೇಳ್ರಿ."

"ಮತ್ತೆ ಬೆಂಕಿ ಎಲ್ಲಿಂದ ಬಂತು?"

"ಬೆಂಕಿ ಎಲ್ಲಿತ್ತು ಸಾರ್? ಮಂಗಳಾರತಿ ಇತ್ತು."

ಆ ಹುಡುಗ ಗೋಡೆಗೆ ಒರಗಿದ. ಬ್ಯಾಟರಿ ಹೆಚ್ಚು ತುಂಬಿದರೆ ಕುದಿಯುತ್ತದೆ, ಕುದಿದರೆ ಕಣ್ಣಿಗೆ ಕಾಣದ ಗಾಳಿ ಬರುತ್ತದೆ, ಆ ಗಾಳಿಗೆ ಕಿಡಿ ಸೋಕಿದರೆ ಹತ್ತುತ್ತದೆ ಎಂದು ಆಗ ಹೇಳಿದ. ಬೀಡಿಯಾದರೇನು, ಕರ್ಪೂರವಾದರೇನು ಎಂದ. ಯಜಮಾನರು ಕಟ್ಟಿದ ಕಣ್ಣಲ್ಲೇ ಕೇಳಿಸಿಕೊಂಡರು. "ಇದನ್ನ ಮೊದಲೇ ಹೇಳಬಾರದಾಗಿತ್ತಾ ಸಾರ್," ಎಂದರು. ಅವನು ಹೋದ. ಮತ್ತೆ ಬರಲಿಲ್ಲ. ಅವನು ಕೆಟ್ಟವನಲ್ಲ. ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂದುಕೊಂಡಿದ್ದ, ಅಷ್ಟೆ.

ಬೆಂಗಳೂರಿನ ಸಾಹೇಬರು ಬಂದರಂತೆ, ಬಸ್ಸು ನೋಡಿದರಂತೆ. ನಾನು ಸಾಮಾನು ತರಲು ಹೋದಾಗ ಬೇರೆ ಡ್ರೈವರು ಬಂದು ಬಸ್ಸಿನ ಹಿಂಭಾಗ ಉಜ್ಜುತ್ತಿದ್ದ. ಅವರ ಕಚೇರಿಯವನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ಬೀಡಿ ಸೇದಿದ್ದಕ್ಕೆ ಆಯ್ತು ಅಂತ ತೀರ್ಮಾನ ಆಗಿದೆಯಮ್ಮ. ಬೇಡ ಅಂದರೂ ಸೇದಿದ್ದಾನೆ, ಅದಕ್ಕೆ ಸಂಸ್ಥೆ ಏನೂ ಮಾಡೋಕಾಗಲ್ಲ."

"ಅವರು ಸೇದ್ಲಿಲ್ಲ. ಊರೆಲ್ಲ ನೋಡೈತೆ."

"ಊರು ಏನ್ ನೋಡಿತೋ. ಪೂಜೆ ಗೀಜೆ ಅಂತ ಹೇಳೋಕಾಗುತ್ತಾ? ಬೀಡಿ ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ."

ನಿಜ, ಎಲ್ಲರಿಗೂ ಅರ್ಥವಾಯಿತು. ನಾವು ಚನ್ನಗಿರಿ ಕಡೆಯ ನಮ್ಮ ಊರಿಗೆ ಬರುವ ಮೊದಲೇ ಆ ಮಾತು ಬಂದು ಮುಟ್ಟಿತ್ತು. ಬೀಡಿ ಚಟಕ್ಕೆ ಕಣ್ಣು ಕಳಕೊಂಡ ಎಂದರು. ಅವರು ಒಂದೇ ಮಾತು ಹೇಳುತ್ತಿದ್ದರು, "ನಾನು ಸೇದ್ಲಿಲ್ಲ." ಹಾಗಾದರೆ ಏನಾಯಿತು ಎಂದು ಕೇಳಿದರೆ ಬಾಯಿ ಬಿಗಿಯುತ್ತಿದ್ದರು. ದೇವರಿಗೆ ಬೆಳಗಲು ಹೋಗಿ ಹೀಗಾಯಿತು ಎಂದು ಅವರ ಬಾಯಲ್ಲಿ ಕೊನೆಯವರೆಗೂ ಬರಲಿಲ್ಲ. ಹೇಳಿದರೆ ದೂರು ಯಾರ ಮೇಲೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಾನು ಅಡಿಕೆ ಸುಲಿದು ಸಂಸಾರ ನಡೆಸಿದೆ. ಮಗಳು ಬೆಳೆದಳು. ಅವರು ಅಂಗಳದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬಿಸಿಲು ನೆತ್ತಿಗೆ ಬಂದಾಗ ಅವರ ಬಲಗೈ ನಟ್ಟು ಸಡಿಲಿಸುವ ಹಾಗೆ ತೊಡೆಯ ಮೇಲೆ ತಿರುಗುತ್ತಿತ್ತು. ನೋಡಿಯೂ ನೋಡದ ಹಾಗೆ ಊಟಕ್ಕೆ ಕರೆಯುತ್ತಿದ್ದೆ.

ಅವರು ಸತ್ತ ವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟೆವು. ಅವರ ಫೋಟೋ ಮುಂದೆ ಬಾಳೆ ಎಲೆ, ಎಲೆಯ ಮೇಲೆ ಹೋಳಿಗೆ, ಅನ್ನ, ಎಲೆ ಅಡಿಕೆ. ಮೈದುನ ಕಿಸೆಯಿಂದ ಒಂದು ಕಟ್ಟು ಬೀಡಿ ತೆಗೆದು ಎಲೆಯ ಅಂಚಿಗೆ ಇಟ್ಟ, ಪಕ್ಕದಲ್ಲಿ ಬೆಂಕಿಪೊಟ್ಟಣ.

"ತೆಗಿ ಅದನ್ನ," ಎಂದೆ.

"ಅಣ್ಣಗೆ ಪ್ರಾಣ ಇತ್ತಲ್ಲ ಅತ್ತಿಗೆ ಇದು. ಸತ್ತ ಮೇಲಾದ್ರೂ ಸೇದ್ಲಿ ಬಿಡ್ರಿ."

"ಅವರು ಬಿಟ್ಟಿದ್ರು."

"ಎಲ್ಲಾರೂ ಸೇದ್ತಿದ್ದ ಅಂತಾರೆ."

"ಅಂತಾರೆ. ತೆಗಿ."

ತೆಗೆದ. ನಾನು ಕರ್ಪೂರ ಹಚ್ಚಿದೆ. ಬೆಳಗುವ ಮುಂಚೆ ಅವರ ಫೋಟೋವನ್ನು ಒಂದು ಮೊಳ ಹಿಂದಕ್ಕೆ ಸರಿಸಿದೆ.